ಫ್ಯಾಕ್ಟರಿ ಕಾಂಪೌಂಡಿಗೆ ಚಿಟ್ಟೆ ಬರ್ಬೇಕಾದ್ರೆ

ಪ್ರಶ್ನೆ: ನಮ್ ಫ್ಯಾಕ್ಟರಿ ಹಿಂದೆ ಕಾಲೆಕರೆ ಬರೀ ಲಾನ್ ಇದೆ. ಅದನ್ನ ಚಿಟ್ಟೆ, ಹಕ್ಕಿಗಳಿಗೆ ಬಿಡೋಣ ಅಂದ್ರೆ ಮ್ಯಾನೇಜ್‌ಮೆಂಟ್ ಒಪ್ಪಿದಾರೆ. ಏನೇನು ನೆಡ್ಬೇಕು ಸರ್?
– ಓದುಗರೊಬ್ಬರು, ಮೈಸೂರು

ಉತ್ತರ: ಓದಿ ತುಂಬಾ ಖುಷಿಯಾಯ್ತು. ಹೂವಿನ ಗಿಡ ಎಲ್ರೂ ನೆಡ್ತಾರೆ, ಆದ್ರೆ ಚಿಟ್ಟೆ ಮೊಟ್ಟೆ ಇಡೋ ಗಿಡಗಳೇ ಬೇರೆ, ಮೊದ್ಲು ಅವನ್ನ ನೆಡಿ. ನಿಂಬೆ, ಕರಿಬೇವಿಗೆ ನಿಂಬೆ ಚಿಟ್ಟೆ ಬರುತ್ತೆ, ಎಕ್ಕಕ್ಕೆ ಪ್ಲೇನ್ ಟೈಗರ್ ಚಿಟ್ಟೆ, ಈಶ್ವರಿ ಬಳ್ಳಿಗೆ ಕ್ರಿಮ್ಸನ್ ರೋಸ್ ಅನ್ನೋ ಚಿಟ್ಟೆ. ನಿಂಬೆ ಎಲೆ ಮೇಲೆ ಹಕ್ಕಿ ಹಿಕ್ಕೆ ಥರ ಕಪ್ಪು-ಬಿಳಿಯಾಗಿ ಏನಾದ್ರೂ ಕಂಡ್ರೆ ಅದೇ ನಿಂಬೆ ಚಿಟ್ಟೆಯ ಮರಿಹುಳ, ಹಕ್ಕಿ ಕಣ್ಣಿಂದ ತಪ್ಪಿಸಿಕೊಳ್ಳೋಕೆ ಹಂಗಿರುತ್ತೆ, ಬೆಳೀತಾ ಹಸಿರಾಗುತ್ತೆ, ಮಾಲಿಯವರನ್ನ ಕರೆದು ತೋರಿಸಿ, ಇಲ್ಲಾಂದ್ರೆ ರೋಗ ಅಂತ ಔಷಧಿ ಹೊಡೆದುಬಿಡ್ತಾರೆ. ಆ ಜಾಗದಲ್ಲಿ ಔಷಧಿ ಬೇಡವೇ ಬೇಡ.

ಹಕ್ಕಿಗಳಿಗೆ ಅತ್ತಿ ಮರ ಹಾಕಿ, ಕಟ್ಟಡದಿಂದ ದೂರ ಇರ್ಲಿ. ಉದುರಿದ ಎಲೆ ಗುಡಿಸಿ ಸುಡಬೇಡಿ, ಗಿಡದ ಬುಡಕ್ಕೇ ಹಾಕಿ, ಅದರಡಿ ಹುಳ ಹುಪ್ಪಟೆ ಇದ್ರೇನೇ ಹಕ್ಕಿಗೆ ಊಟ. ಆಮೇಲೆ ರಾತ್ರಿ ಆ ಕಡೆಗಿರೋ ಫ್ಲಡ್‌ಲೈಟ್, ಸೆಕ್ಯುರಿಟಿಯವರು ಒಪ್ಪಿದ್ರೆ ಆಫ್ ಮಾಡ್ಸಿ ಅಥವಾ ಕೆಳಮುಖ ತಿರುಗಿಸಿ, ಪತಂಗಗಳು ಬೆಳಕಿಗೆ ಸುತ್ತಿ ಸುತ್ತಿ ಸಾಯ್ತವೆ.