ಬಿಜಾಗರಿ ಇಲ್ದ ಬಗ್ಗೋ ಶೀಟು: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮಗಳ ಪ್ರಾಜೆಕ್ಟಿಗೆ ಬಿಜಾಗರಿ ಇಲ್ದ ದುಂಡಗ ಬಗ್ಗೋ ಡಬ್ಬಿ ಮಾಡಬೇಕಂತ 3 ಎಂಎಂ ಪ್ಲೈವುಡ್ಡಿಗೆ ಲೇಸರ್ ಕಟಿಂಗ್‌ನ್ಯಾಗ ಸಾಲಾಗಿ ಸೀಳು ಹಾಕ್ಸಿದ್ವಿ. ಬಗ್ಗಿಸಿದ ಕೂಡ್ಲೇ ಲಟಕ್ಕಂತ ಮುರೀತು. ಎಂಡಿಎಫ್ (ಕಟ್ಟಿಗಿ ನಾರು ಒತ್ತಿ ಮಾಡಿದ ಹಲಗಿ) ತಗೊಂಡ್ರ ನಡೀತೈತೇನ್ರಿ?
– ಓದುಗರೊಬ್ಬರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಶೀಟ್ ಬದಲು ಮಾಡೂದಕ್ಕಿಂತ ಮೊದ್ಲ ಸೀಳು ನೋಡ್ರಿ. ಕಟ್ಟಿಗಿ ಅಲ್ಲಿ ಬಗ್ಗೂದ ಇಲ್ಲ, ಸೀಳಿನ ನಡುವ ಉಳಿದಿರ್ತಾವಲ್ಲ ಸಣ್ಣ ಪಟ್ಟಿ, ಅವು ಒಂದೊಂದೂ ಚೂರು ಚೂರು ತಿರುಚಿಕೊಳ್ತಾವ, ಅದೆಲ್ಲಾ ಕೂಡಿ ಇಡೀ ಶೀಟು ಬಗ್ಗಿದಂಗ ಕಾಣ್ತೈತಿ. ಹಿಂಗಾಗಿ ಸೀಳು ಉದ್ದ ಇದ್ದಷ್ಟು ಪಟ್ಟಿ ಸರಳ ತಿರುಗ್ತೈತಿ, ಗಿಡ್ಡ ಇದ್ರ ಬಿಗಿಯಾಗಿ ಮುರೀತೈತಿ. ಸಾಲೂ ಜಾಸ್ತಿ ಬೇಕು: 90 ಡಿಗ್ರಿ ತಿರುಗ್ಸೂದನ್ನ 10 ಸಾಲಿಗೆ ಹಂಚಿದ್ರ ಒಂದೊಂದಕ್ಕ 9 ಡಿಗ್ರಿ ಬೀಳ್ತೈತಿ, 20 ಸಾಲಿಗೆ ಹಂಚಿದ್ರ ಬರೇ 4.5. ಸೀಳುಗಳನ್ನ ಇಟ್ಟಂಗಿ ಕಟ್ಟಿದಂಗ ಬಿಟ್ಟುಬಿಟ್ಟು ಹೊಂದಿಸಬೇಕು, ಒಂದು ಸಾಲಿನ ಸೀಳಿನ ನಡು ಬರೋ ಜಾಗಾಕ್ಕ ಪಕ್ಕದ ಸಾಲಿನ್ಯಾಗ ಸೀಳು ಇರಬಾರ್ದು.

ಬಾಳ ಮಂದಿ ಮರೆಯೂದು ಕಟ್ಟಿಗಿಯ ಎಳಿ. 3 ಎಂಎಂ ಪ್ಲೈವುಡ್ಡಿನ್ಯಾಗ ಸಾಮಾನ್ಯ ಮೂರು ಪದರ, ನಡುವಿಂದು ಅಡ್ಡ ಇರ್ತೈತಿ, ಹೊರಗಿನ ಎರಡರ ಎಳಿ ಸೀಳಿನ ಉದ್ದಕ್ಕ ಹೋಗ್ಬೇಕು. ಅಡ್ಡ ಹೋದ್ರ ಸಣ್ಣ ಪಟ್ಟಿಗೆ ಬಲಾನ ಇರೂದಿಲ್ಲ, ನಿಮ್ದು ಹಂಗ ಆಗಿರಬಹುದು ಅನ್ನೂದು ನನ್ನ ಅಂದಾಜು. ಎಂಡಿಎಫ್‌ಗೆ ಎಳಿ ಇಲ್ಲ, ಯಾವ ಕಡಿಗಾದ್ರೂ ಕೊಯ್ಯಬಹುದು, ಆದ್ರ ಮಳಿಗಾಲದ ಥಂಡಿಗೆ ಉಬ್ತೈತಿ. ನಾನಾದ್ರ ಪ್ಲೈವುಡ್ಡ ತಗೋತೀನಿ. ಲೇಸರ್ ತಾನೂ ಒಂದಿಷ್ಟು ಕಟ್ಟಿಗಿ ಸುಟ್ಟು ತಿಂತೈತಿ, ಹಿಂಗಾಗಿ ಡ್ರಾಯಿಂಗಿನ್ಯಾಗ ಬರೆದಿದ್ದಕ್ಕಿಂತ ಪಟ್ಟಿ ತೆಳ್ಳಗ ಬರ್ತಾವ, ಅದ ಶೀಟಿನ ತುಣುಕಿನ್ಯಾಗ ಒಮ್ಮೆ ಕೊಯ್ಸಿ ಬಗ್ಗಿಸಿ ನೋಡಿ ಆಮ್ಯಾಲ ಪೂರ್ತಿ ಕೊಯ್ಸ್ರಿ.

ಪ್ರಶ್ನೆ: ಯಾಲಕ್ಕಿ ಹಾರ ಇಡಾಕ ಒಂದ ಶೀಟಿನ್ಯಾಗ ಮುಚ್ಚಳಾನೂ ಬರೋ ಪ್ಲಾಸ್ಟಿಕ್ ಡಬ್ಬಿ ಬೇಕ್ರಿ. ಅಕ್ರಿಲಿಕ್ ನಡೀತೈತೇನು?
– ಓದುಗರೊಬ್ಬರು, ಹಾವೇರಿ

ಉತ್ತರ: ಬ್ಯಾಡ್ರಿ, ಮಡಚಿದ್ರ ಒಡೀತೈತಿ. ಪಾಲಿಪ್ರೊಪಿಲೀನ್ ಶೀಟ್ ತಗೊಳ್ರಿ, ಸಾಸ್ ಬಾಟಲಿಯ ಮುಚ್ಚಳ ಸಾವಿರ ಸಲ ತೆಗೆದ್ರೂ ಹರಿಯೂದಿಲ್ಲಲ್ಲ, ಅದರ ಪ್ಲಾಸ್ಟಿಕ್ಕೂ ಸಾಮಾನ್ಯ ಇದ. ಮಡಿಕಿ ಬರೋ ಕಡೆ ಕೊಯ್ಸಬ್ಯಾಡ್ರಿ, ಬರೇ ಗೆರಿ ಒತ್ತಿಸ್ರಿ. ಅಂಟು ಇದಕ್ಕ ಸರಿಯಾಗಿ ಹಿಡಿಯೂದಿಲ್ಲ, ಅದಕ್ಕ ಅಂಚಿನ್ಯಾಗ ನಾಲಿಗಿ ಮಾಡಿ ಇನ್ನೊಂದು ಕಡೆಯ ಸೀಳಿನ್ಯಾಗ ಸಿಗಿಸೂದು ಒಳ್ಳೇದು. ಅಂಗಡಿಯವ್ರು ಪಿವಿಸಿ ಕೊಟ್ರ ಅದನ್ನ ಲೇಸರಿಗೆ ಹಚ್ಚಾಕ ಯಾರಿಗೂ ಹೇಳಬ್ಯಾಡ್ರಿ, ಸುಟ್ಟಾಗ ಬರೋ ಆಸಿಡ್ ಹೊಗಿ ಮಷಿನ್ನಿಗೂ ಕೆಟ್ಟದ್ದು, ಅಲ್ಲಿ ನಿಂತು ಕೆಲಸ ಮಾಡೋ ಹುಡುಗನ ಎದಿಗೂ ಕೆಟ್ಟದ್ದು.