ಗುತ್ತಿಗೆ ಸಂಶೋಧನಾ ಕಂಪನಿಯ ಕೆಲಸ ಪಿಎಚ್.ಡಿ.ಗೆ ನೆರವಾಗುವುದೇ?

ಸಾವಯವ ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿರುವ ತಾವು, ಹಣ ಪಡೆದು ಇತರ ಕಂಪನಿಗಳಿಗಾಗಿ ಸಂಶೋಧನೆ ಮಾಡಿಕೊಡುವ, ಬೆಂಗಳೂರಿನ ಗುತ್ತಿಗೆ ಸಂಶೋಧನಾ ಕಂಪನಿಯಲ್ಲಿ ಎರಡು ವರ್ಷ ದುಡಿದರೆ ಮುಂದಿನ ಪಿಎಚ್.ಡಿ.ಗೆ ಅನುಕೂಲವೇ ಎಂದು ಕೇಳಿದ್ದೀರಿ. ಇಂಥದೇ ಕಂಪನಿಯಲ್ಲಿ ಆರು ವರ್ಷ ಇದ್ದವನಾಗಿ ಉತ್ತರಿಸುತ್ತಿದ್ದೇನೆ.

ಬಯೋಕಾನ್ 1993ರಲ್ಲಿ ಸಿಂಜೀನ್ ಎಂಬ ಇಂಥ ಕಂಪನಿಯನ್ನು ಆರಂಭಿಸಿದಂದಿನಿಂದ ಈ ನಗರದಲ್ಲಿ ಬೇರೂರಿರುವ ಈ ಉದ್ಯಮದಲ್ಲಿ, ಗ್ರಾಹಕ ಔಷಧ ಕಂಪನಿಗಳು ಅನೇಕ ಒಪ್ಪಂದಗಳಲ್ಲಿ ಒಬ್ಬ ವಿಜ್ಞಾನಿಯ ಒಂದು ವರ್ಷದ ದುಡಿಮೆಗೆ ಇಷ್ಟೆಂದು ಹಣ ಕೊಡುವುದರಿಂದ, ಉಪಕರಣ ಕೆಟ್ಟು ಕೆಲಸ ನಿಲ್ಲುವುದನ್ನು ಯಾರೂ ಸಹಿಸುವುದಿಲ್ಲ. ವಿಶ್ವವಿದ್ಯಾಲಯದಲ್ಲಿ, ಅಣುವಿನ ರಚನೆ ತಿಳಿಸುವ ಎನ್‌ಎಂಆರ್ ಫಲಿತಾಂಶಕ್ಕಾಗಿ ವಾರಗಟ್ಟಲೆ ಕಾದಿದ್ದ ನನಗೆ ಅದು ಅದೇ ದಿನ ಸಿಗತೊಡಗಿದಾಗ ಕೈ ಎಷ್ಟು ಬೇಗ ಪಳಗಿತೆಂಬುದನ್ನು ಇಂದಿಗೂ ಕೃತಜ್ಞತೆಯಿಂದ ನೆನೆಯುತ್ತೇನೆ. ಸಂಬಳವೂ ಸಮಯಕ್ಕೆ ಸರಿಯಾಗಿ ಬರುತ್ತಿತ್ತು.

ಆದರೆ ತಯಾರಿಸಿದ ಅಣುವಿನ ಹಕ್ಕು ಗ್ರಾಹಕರದು. ಎಷ್ಟೋ ಸಲ ಅದು ಯಾವ ರೋಗಕ್ಕೆಂಬುದೂ ನಮಗೆ ತಿಳಿಯದೆ, ಸಂಕೇತಸಂಖ್ಯೆಯೊಂದೇ ಉಳಿಯುತ್ತಿತ್ತು. ಅವರ ಒಪ್ಪಿಗೆಯಿಲ್ಲದೆ ಪ್ರಬಂಧ ಪ್ರಕಟಿಸುವಂತಿಲ್ಲ. ಪೇಟೆಂಟಿನಲ್ಲಿಯೂ ಪರಿಕಲ್ಪನೆಗೆ ಕೊಡುಗೆ ನೀಡಿದವರು ಆವಿಷ್ಕಾರಕರೆನಿಸುತ್ತಾರೆಯೇ ಹೊರತು, ಹೇಳಿದ ಕ್ರಿಯೆಯನ್ನಷ್ಟೇ ನಡೆಸಿದವರಲ್ಲ. ಪಿಎಚ್.ಡಿ. ಸಂದರ್ಶನದಲ್ಲಿ ಇದೇ ನನಗೆ ತೊಡಕಾಯಿತು: ಮಾಡಿದ ಕೆಲಸ ಬಹಳ, ಬಿಡಿಸಿ ಹೇಳಬಹುದಾದದ್ದು ಅತ್ಯಲ್ಪ.

ಆದ್ದರಿಂದ ಸೇರಿರಿ, ಆದರೆ ಪಿಎಚ್.ಡಿ. ಪ್ರವೇಶಕ್ಕೆ ನೆರವಾಗುವ ಸಿಎಸ್ಐಆರ್ ನೆಟ್ ಅಥವಾ ಗೇಟ್ ಪರೀಕ್ಷೆಯನ್ನು ಮೊದಲ ವರ್ಷವೇ ಬರೆಯಿರಿ. ಸಹಿ ಹಾಕುವ ಮುನ್ನ ಸೇವಾ ಬಾಂಡ್ (ಇಂತಿಷ್ಟು ಕಾಲ ಕೆಲಸ ಬಿಡುವುದಿಲ್ಲವೆಂಬ ಕರಾರು) ಎಷ್ಟು ಅವಧಿಯದೆಂದು ತಪ್ಪದೆ ಓದಿರಿ.