ಕುಡಿಯದ, ಸಸ್ಯಾಹಾರಿ ಅಪ್ಪ-ಅಮ್ಮನನ್ನು ಇಂಗ್ಲೆಂಡಿನ ಹಳೇ ಪಬ್‌ಗಳಿಗೆ ಕರೆದುಕೊಂಡು ಹೋಗಬಹುದಾ?

ನೀವು ಕೇಳಿದ್ದು ಇಷ್ಟು: ಜೂನ್‌ನಲ್ಲಿ ಅಪ್ಪ-ಅಮ್ಮ ಬರುತ್ತಿದ್ದಾರೆ. ಇಬ್ಬರೂ ಸಸ್ಯಾಹಾರಿಗಳು, ಮೊಟ್ಟೆಯನ್ನೂ ಮುಟ್ಟುವುದಿಲ್ಲ, ಕುಡಿಯುವ ಮಾತಂತೂ ದೂರ. ಅಪ್ಪ ನಿವೃತ್ತ ಬಯಾಲಜಿ ಮೇಷ್ಟ್ರು. ಹಳೇ ಪಬ್, ಹಳೇ ಬಂಗಲೆಗಳನ್ನು ತೋರಿಸಿ ಅಲ್ಲೇ ಊಟ-ತಿಂಡಿ ಮಾಡಿಸಬಹುದಾ, ಅವರಿಗೆ ಮುಜುಗರ ಆಗುತ್ತಾ?

ಧಾರಾಳವಾಗಿ ಕರೆದುಕೊಂಡು ಹೋಗಿ. ನಾನು ಇಲ್ಲಿಗೆ ಬಂದು ಬಹಳ ವರ್ಷಗಳಾದವು. ಊರಿಂದ ಯಾರೇ ಬಂದರೂ ಮೊದಲು ಕರೆದೊಯ್ಯುವುದು ಇಂಥ ಜಾಗಗಳಿಗೇ. ಮ್ಯೂಸಿಯಮ್ಮಿನಲ್ಲಿ ಹಳೇ ಬೆಂಚನ್ನು ಹಗ್ಗದ ಆಚೆ ನಿಂತು ನೋಡಬೇಕು. ಪಬ್ಬಿನಲ್ಲಿ ಅದರ ಮೇಲೇ ಕೂತು ಚಿಪ್ಸ್ ತಿನ್ನಬಹುದು. ಹಾಗಾಗಿ ಇಲ್ಲಿ ಊಟಕ್ಕಿಂತ ಕೂರುವ ಜಾಗ ಮುಖ್ಯ. ಬಾಗಿಲು ದಾಟಿದ ಕೂಡಲೇ ಮೆನು ಹಿಡಿಯಬೇಡಿ. ಎಲ್ಲ ಕೋಣೆಗಳನ್ನೂ ಒಂದು ಸುತ್ತು ಹಾಕಿ. ಅಗ್ಗಿಷ್ಟಿಕೆ ಹತ್ತಿರವೋ ಕಿಟಕಿ ಪಕ್ಕವೋ ಒಂದು ಒಳ್ಳೆಯ ಮೂಲೆ ಹಿಡಿಯಿರಿ. ತಿನ್ನುವ ಯೋಚನೆ ಆಮೇಲೆ. ಒಳಗೆ ಸುಮ್ನೆ ಅಡ್ಡಾಡಿದರೆ ಯಾರೂ ಏನೂ ಅನ್ನುವುದಿಲ್ಲ.

ಮುಜುಗರದ ಚಿಂತೆ ಬಿಡಿ. ಮಧ್ಯಾಹ್ನದ ಹೊತ್ತು ಪಬ್ಬಿನಲ್ಲಿ ಅಜ್ಜ-ಅಜ್ಜಿ, ಮೊಮ್ಮಕ್ಕಳು, ನಾಯಿ ಎಲ್ಲ ಇರುತ್ತವೆ. ಪಕ್ಕದ ಮೇಜಿನಲ್ಲಿ ಕಾಫಿ ಕುಡಿಯುವವರು ಇದ್ದೇ ಇರುತ್ತಾರೆ. ನಮ್ಮತ್ತೆ ಏಕಾದಶಿ ತಪ್ಪಿಸುವವರಲ್ಲ, ಈರುಳ್ಳಿ ಕೂಡ ತಿನ್ನುವುದಿಲ್ಲ. ಅಂಥವರೇ ಲೈಮ್ ಸೋಡಾ ಹಿಡಿದು ಆರಾಮಾಗಿ ಕೂತಿದ್ದರು. ಎಲ್ಡರ್‌ಫ್ಲವರ್ ಶರಬತ್ತೂ ಸಿಗುತ್ತದೆ, ಹೂವಿನ ಘಮ ಇರುತ್ತದೆ, ಅಮ್ಮನಿಗೆ ಇಷ್ಟವಾಗಬಹುದು. ನಲ್ಲಿ ನೀರನ್ನು ಕೇಳಿದ ಗಿರಾಕಿಗೆ ಪುಕ್ಕಟೆ ಕೊಡಬೇಕು ಅಂತ ಇಲ್ಲಿ ಕಾನೂನೇ ಇದೆ.

ಗೊತ್ತಿರಬೇಕಾದ ಎರಡು ಸಂಗತಿ ಇವೆ. ಬಹುತೇಕ ಪಬ್‌ಗಳಲ್ಲಿ ಆರ್ಡರ್ ತಗೊಳ್ಳಲು ಯಾರೂ ಮೇಜಿಗೆ ಬರುವುದಿಲ್ಲ. ಟೇಬಲ್ ನಂಬರ್ ನೋಡಿಕೊಂಡು ನೀವೇ ಕೌಂಟರಿಗೆ ಹೋಗಿ ಹೇಳಿ, ದುಡ್ಡು ಕೊಟ್ಟು ಬರಬೇಕು. ಎರಡನೆಯದು ಹೊತ್ತು. ಹಳ್ಳಿ ಪಬ್‌ಗಳಲ್ಲಿ ಅಡುಗೆಮನೆ ಮಧ್ಯಾಹ್ನ ಎರಡು, ಎರಡೂವರೆಗೆಲ್ಲ ಮುಚ್ಚಿಬಿಡುತ್ತದೆ, ಮತ್ತೆ ತೆಗೆಯುವುದು ಸಂಜೆ ಆರಕ್ಕೆ. ನಮ್ಮವರು ನಿಧಾನವಾಗಿ ಹೊರಟು ಮೂರಕ್ಕೆ ಹಸಿದುಕೊಂಡು ತಲುಪುತ್ತಾರೆ, ಆಗ ಚಿಪ್ಸ್ ಪ್ಯಾಕೆಟ್ಟೇ ಗತಿ. ಹನ್ನೆರಡಕ್ಕೇ ಹೋಗಿಬಿಡಿ. ಒಳ್ಳೆಯ ಮೂಲೆಯೂ ಆಗಲೇ ಖಾಲಿ ಇರುತ್ತದೆ.

ಇನ್ನು ಊಟ. ಮೆನುವಿನಲ್ಲಿ ಸಸ್ಯಾಹಾರದ ಗುರುತು ಇದ್ದರೂ ಅದರಲ್ಲಿ ಮೊಟ್ಟೆ ಇರಬಹುದು. ಅದಕ್ಕೊಂದು ಸುಲಭ ದಾರಿ ಇದೆ. ಇಲ್ಲಿನ ಹೋಟೆಲ್, ಪಬ್‌ಗಳು 14 ಬಗೆಯ ಅಲರ್ಜಿ ಪದಾರ್ಥಗಳಲ್ಲಿ ಯಾವುದು ಯಾವ ತಿಂಡಿಯಲ್ಲಿದೆ ಅಂತ ಹೇಳಲೇಬೇಕು. ಮೊಟ್ಟೆ, ಮೀನು ಎರಡೂ ಆ 14ರಲ್ಲಿ ಇವೆ. 'ಅಲರ್ಜನ್ ಲಿಸ್ಟ್ ಕೊಡಿ' ಅಂದರೆ ಸಾಕು. 'ಮೊಟ್ಟೆ ಹಾಕಿದ್ದೀರಾ' ಅಂತ ಬಾಯಲ್ಲಿ ಕೇಳುವುದಕ್ಕಿಂತ ಇದು ಪಕ್ಕಾ.

ಭಾನುವಾರದ ರೋಸ್ಟ್ (ಒಲೆಯಲ್ಲಿ ಹುರಿದ ಊಟ) ಜೊತೆ ಬರುವ ಯಾರ್ಕ್‌ಶೈರ್ ಪುಡಿಂಗ್ ಮೊಟ್ಟೆಯಿಂದಲೇ ಉಬ್ಬುವುದು, ಅದು ಬೇಡ. ಮಾಂಸದ ಬದಲು ಬಾದಾಮಿ, ಗೋಡಂಬಿಯಂಥ ಬೀಜಗಳಿಂದ ಮಾಡುವ ನಟ್ ರೋಸ್ಟ್ ಅನ್ನುವುದನ್ನೂ ಹಲವರು ಮೊಟ್ಟೆ ಹಾಕಿಯೇ ಕಟ್ಟುತ್ತಾರೆ. ವೆಲ್ಶ್ ರೇರ್‌ಬಿಟ್ ಅಂದರೆ ಬ್ರೆಡ್ ಮೇಲೆ ಚೀಸ್ ಕರಗಿಸಿದ್ದು. ನೋಡಲು ನಿರುಪದ್ರವಿ, ಆದರೆ ಅದಕ್ಕೆ ಸಾಮಾನ್ಯವಾಗಿ ವುಸ್ಟರ್ ಸಾಸ್ ಬೀಳುತ್ತದೆ, ಆ ಸಾಸಿನಲ್ಲಿ ಆಂಚೊವಿ ಮೀನಿದೆ. ಚಿಪ್ಸನ್ನು (ಇಲ್ಲಿ ಹಾಗಂದರೆ ಬಿಸಿಬಿಸಿ ಫ್ರೆಂಚ್ ಫ್ರೈಸ್) ಯಾವ ಎಣ್ಣೆಯಲ್ಲಿ ಕರಿಯುತ್ತಾರೆ ಅಂತಲೂ ಕೇಳಿ. ಕೆಲವು ಕಡೆ ದನದ ಕೊಬ್ಬು, ಕೆಲವು ಕಡೆ ಮೀನು ಕರಿದ ಅದೇ ಬಾಣಲೆ. ಚೀಸ್ ಬಗ್ಗೆ ನಿಮ್ಮ ಅಮ್ಮ ಕಟ್ಟುನಿಟ್ಟಾಗಿದ್ದರೆ ರೆನ್ನೆಟ್ ವಿಚಾರಿಸಬೇಕು. ಹಾಲನ್ನು ಗಟ್ಟಿಯಾಗಿಸಲು ಹಾಕುವ ಅದನ್ನು ಕರುವಿನ ಹೊಟ್ಟೆಯಿಂದ ತೆಗೆಯುವುದು ಹಳೇ ಪದ್ಧತಿ. ಚೆಡ್ಡರ್ ಈಗ ಹೆಚ್ಚಾಗಿ ಸಸ್ಯಾಹಾರಿ ರೆನ್ನೆಟ್‌ನಲ್ಲೇ ಆಗುತ್ತದೆ.

ಹಾಗಾದರೆ ಏನು ತಿನ್ನಬೇಕು? ಸಿಪ್ಪೆ ಸಮೇತ ಬೇಯಿಸಿದ ದೊಡ್ಡ ಆಲೂಗಡ್ಡೆ, ಮೇಲೆ ಬೆಣ್ಣೆ, ಬೀನ್ಸ್, ಚೆಡ್ಡರ್. ಅಥವಾ ಪ್ಲೌಮನ್ಸ್ ಲಂಚ್: ದಪ್ಪ ಬ್ರೆಡ್, ಚೀಸ್, ಸೇಬು, ಸಿಹಿ-ಹುಳಿ ಉಪ್ಪಿನಕಾಯಿ. ಹ್ಯಾಮ್, ಮೊಟ್ಟೆ ಬೇಡ ಅಂತ ಮೊದಲೇ ಹೇಳಿ. ಬ್ಯಾಗಿನಲ್ಲಿ ಒಂದಿಷ್ಟು ಚಟ್ನಿಪುಡಿ ಇದ್ದರೆ ಆಲೂಗಡ್ಡೆಗೆ ಬಹಳ ಚೆನ್ನ, ನಾನಂತೂ ಇಟ್ಟುಕೊಂಡಿರುತ್ತೇನೆ. ಕೊನೆಗೆ ಆಪಲ್ ಕ್ರಂಬಲ್, ಕಸ್ಟರ್ಡ್ ಜೊತೆ. ಪೌಡರಿನಿಂದ ಮಾಡಿದ ಕಸ್ಟರ್ಡಾ ಅಂತ ಕೇಳಿ. ಬರ್ಮಿಂಗ್‌ಹ್ಯಾಮಿನ ಆಲ್‌ಫ್ರೆಡ್ ಬರ್ಡ್ ಎಂಬಾತ 1837ರಲ್ಲಿ ಮೊಟ್ಟೆ ಇಲ್ಲದ ಕಸ್ಟರ್ಡ್ ಪೌಡರ್ ಕಂಡುಹಿಡಿದದ್ದು ಹೆಂಡತಿಗೆ ಮೊಟ್ಟೆ ಆಗುತ್ತಿರಲಿಲ್ಲ ಅಂತ. ಬೆಂಗಳೂರಿನ ಅಡುಗೆಮನೆಗಳಲ್ಲೂ ಇರುವ ಪೌಡರಿನ ಹಿಂದಿನ ಕಥೆ ಇದು.

ನೀವೊಬ್ಬರೇ ಏನಾದರೂ ತಗೊಳ್ಳುವುದಾದರೆ ಹ್ಯಾಂಡ್ ಪಂಪಿನಿಂದ ಎಳೆದು ಕೊಡುವ ಏಲ್ ಎಂಬ ಬಿಯರ್ ಅರ್ಧ ಪೈಂಟ್ ತಗೊಳ್ಳಿ. ಪೂರ್ತಿ ಪೈಂಟ್ ಅಂದರೆ 568 ಮಿಲಿ, ಜಾಸ್ತಿ ಆಯಿತು. ನೆಲಮಾಳಿಗೆಯ ಪೀಪಾಯಿಯಿಂದ ಬರುವ ಅದು ಐಸಿನಷ್ಟು ತಣ್ಣಗಿರುವುದಿಲ್ಲ, 11ರಿಂದ 13 ಡಿಗ್ರಿ ಇರುತ್ತದೆ. ಆ ತಂಪಿನಲ್ಲೇ ಅದರ ರುಚಿ ಬಿಟ್ಟುಕೊಳ್ಳುವುದು. ನೀವೂ ಸಸ್ಯಾಹಾರಿಯಾದರೆ ಇದೊಂದು ಗೊತ್ತಿರಲಿ: ಇಂಥ ಏಲನ್ನು ತಿಳಿ ಮಾಡಲು ಮೀನಿನ ಗಾಳಿಚೀಲದಿಂದ ತೆಗೆದ ಐಸಿಂಗ್ಲಾಸ್ ಬಳಸುವುದು ಹಳೇ ರೂಢಿ. ಅದಿಲ್ಲದ ಏಲ್ ಈಗ ಬೇಕಾದಷ್ಟಿವೆ, ಕೇಳಿದರೆ ಹೇಳುತ್ತಾರೆ.

ಲಂಡನ್ನಿನಲ್ಲಿ ಮೊದಲು ಸದಕ್‌ನ 'ದಿ ಜಾರ್ಜ್ ಇನ್'ಗೆ ಹೋಗಿ. ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನ ಬಸವಣ್ಣನವರ ಪ್ರತಿಮೆ ನೋಡಲು ಹೇಗೂ ಹೋಗೇ ಹೋಗುತ್ತೀರಿ. ಅಲ್ಲಿಂದ ಥೇಮ್ಸ್ ದಂಡೆ ಹಿಡಿದು ನಿಧಾನವಾಗಿ ನಡೆದರೆ ಹೆಚ್ಚುಕಡಿಮೆ ಒಂದು ಗಂಟೆ. 1676ರಲ್ಲಿ ಸದಕ್‌ಗೆ ಬೆಂಕಿ ಬಿದ್ದು ಬಹಳಷ್ಟು ಸುಟ್ಟಾಗ ಇದೂ ಹೋಯಿತು, ಮರುವರ್ಷ ಮತ್ತೆ ಕಟ್ಟಿದರು. ಕುದುರೆ ಗಾಡಿಗಳು ಬಂದು ತಂಗುತ್ತಿದ್ದ ಛತ್ರ ಅದು. ಅಂಗಳದ ಸುತ್ತ ಮಹಡಿ, ಮಹಡಿಗೆ ಉದ್ದಕ್ಕೂ ಮರದ ಪಡಸಾಲೆ, ಥೇಟ್ ನಮ್ಮ ತೊಟ್ಟಿಮನೆ. ಆಮೇಲೆ ರೈಲ್ವೆಯವರು ಜಾಗ ಬೇಕು ಅಂತ ಬಹುಪಾಲು ಕೆಡವಿದರು. ಉಳಿದದ್ದು ಒಂದೇ ಬದಿ. ಲಂಡನ್ನಿನಲ್ಲಿ ಈ ಬಗೆಯದ್ದು ಉಳಿದಿರುವುದೂ ಇದೊಂದೇ. 1937ರಿಂದ ಹಳೇ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆ ಇದನ್ನು ನೋಡಿಕೊಳ್ಳುತ್ತಿದೆ. ಒಳಗಿನ ಹಳೇ ಬಾರಿನಲ್ಲಿ ದೊಡ್ಡದೊಂದು ಗಡಿಯಾರವಿದೆ, ಅದಕ್ಕೆ ಪಾರ್ಲಿಮೆಂಟ್ ಗಡಿಯಾರ ಅನ್ನುತ್ತಾರೆ. 1797ರಲ್ಲಿ ಗಡಿಯಾರಗಳ ಮೇಲೆ ಸರ್ಕಾರ ತೆರಿಗೆ ಹಾಕಿತ್ತು, ಆ ಕಾಲದ ನೆನಪಿನ ಹೆಸರು. ಅಂಗಳ ಆಫೀಸು ಬಿಟ್ಟ ಮೇಲೆ ಗಿಜಿಗುಡುತ್ತದೆ. ಅದಕ್ಕೂ ಮೊದಲೇ ಹೋಗಿ.

ಮೇಷ್ಟ್ರಿಗೆ ಕೇಂಬ್ರಿಜ್‌ನ 'ದಿ ಈಗಲ್' ತೋರಿಸದೆ ಕಳಿಸಬೇಡಿ. 1953ರ ಫೆಬ್ರವರಿ 28ರಂದು ಮಧ್ಯಾಹ್ನ ಊಟದ ಹೊತ್ತಿಗೆ ಫ್ರಾನ್ಸಿಸ್ ಕ್ರಿಕ್ ಇಲ್ಲಿಗೆ ಬಂದು, ಜೀವದ ಗುಟ್ಟು ಸಿಕ್ಕಿತು ಅಂತ ಹೇಳಿದ್ದನ್ನು ಅವರ ಜೊತೆಗಾರ ವಿಜ್ಞಾನಿ ಜೇಮ್ಸ್ ವಾಟ್ಸನ್ ಆಮೇಲೆ ಬರೆದಿದ್ದಾರೆ. ಡಿಎನ್‌ಎ ರಚನೆ ಹೊಳೆದ ದಿನ ಅದು. ರೊಸಾಲಿಂಡ್ ಫ್ರ್ಯಾಂಕ್ಲಿನ್ ಅವರ ಲ್ಯಾಬಿನ ಎಕ್ಸ್-ರೇ ಚಿತ್ರ ಇಲ್ಲದೆ ಅದು ಹೊಳೆಯುತ್ತಿರಲಿಲ್ಲ ಅನ್ನುವುದನ್ನು ನಿಮ್ಮ ಅಪ್ಪನೇ ನಿಮಗೆ ಹೇಳಿಯಾರು. ಹಿಂದಿನ ಕೋಣೆಯ ಛಾವಣಿ ನೋಡಿ. ಎರಡನೇ ಮಹಾಯುದ್ಧದ ವಿಮಾನಪಡೆಯ ಹುಡುಗರು ಮೇಣದಬತ್ತಿ, ಲೈಟರ್‌ಗಳ ಹೊಗೆಯಿಂದ ತಮ್ಮ ಹೆಸರು, ದಳದ ನಂಬರ್ ಬರೆದದ್ದು ಹಾಗೇ ಇದೆ. ಊಟ ಸಾಧಾರಣ.

ಬಂಗಲೆಗಳಲ್ಲಿ ನನ್ನ ಮೊದಲ ಆಯ್ಕೆ ರಿಚ್‌ಮಂಡ್ ಹತ್ತಿರದ ಹ್ಯಾಮ್ ಹೌಸ್. 1610ರಲ್ಲಿ ಕಟ್ಟಿದ್ದು. ಎಲ್ಲ ಕೋಣೆಗಳನ್ನೂ ನೋಡಲೇಬೇಕು ಅಂತಿಲ್ಲ. ಲಾಡರ್‌ಡೇಲ್‌ನ ಡಚೆಸ್ ಆಗಿದ್ದ ಎಲಿಜಬೆತ್‌ಳ ಒಳಕೋಣೆಯನ್ನು ಮಾತ್ರ ತಪ್ಪಿಸಬೇಡಿ. ಚಿಕ್ಕ ಕೋಣೆ. ಅಲ್ಲಿ ಜಾವಾದಿಂದ ತರಿಸಿದ, ಅರಗಿನ ಮೆರುಗು ಬಳಿದ ಟೀ ಮೇಜು ಇದೆ. ಅದು ನೆಲದ ಮೇಲೆ ಕೂತು ಟೀ ಕುಡಿಯುವವರಿಗಾಗಿ ಮಾಡಿದ ಗಿಡ್ಡ ಮೇಜು. ಇಲ್ಲಿ ಕುರ್ಚಿ ಮೇಲೆ ಕೂರುವವರಿಗೆ ಸರಿಹೋಗಲಿಲ್ಲ, ಅದಕ್ಕೆ ಕೆಳಗೆ ಇನ್ನೊಂದು ಜೊತೆ ಕಾಲು ಸೇರಿಸಿ ಎತ್ತರ ಮಾಡಿದರು. ಬಗ್ಗಿ ನೋಡಿದರೆ ಮೇಲಿನದಕ್ಕೂ ಕೆಳಗಿನದಕ್ಕೂ ವ್ಯತ್ಯಾಸ ಕಾಣುತ್ತದೆ. ಆಗ ಟೀ ಬಹಳ ತುಟ್ಟಿ. ಅಡುಗೆಯವರ ಕೈಗೆ ಕೊಡದೆ ಡಚೆಸ್ ತನ್ನ ಕೋಣೆಯಲ್ಲೇ ಇಟ್ಟುಕೊಳ್ಳುತ್ತಿದ್ದಳು. ಅದನ್ನು ನೋಡಿ ಕೆಳಗಿಳಿದು ತರಕಾರಿ ತೋಟ ದಾಟಿದರೆ ಹಳೇ ಆರೆಂಜರಿ, ಅಂದರೆ ಚಳಿಗಾಲದಲ್ಲಿ ಕಿತ್ತಳೆ ಗಿಡಗಳನ್ನು ಇಡುತ್ತಿದ್ದ ಮನೆ. ಈಗ ಅದೇ ಕೆಫೆ. ಅಲ್ಲಿ ಕೂತು ಟೀ ಹೇಳಿ. ಇಲ್ಲಿನ ಟೀ ನಮ್ಮವರಿಗೆ ನೀರು ನೀರು ಅನ್ನಿಸುತ್ತದೆ, ಇನ್ನೊಂದು ಟೀ ಬ್ಯಾಗ್ ಕೇಳಿ, ಐದು ನಿಮಿಷ ಬಿಟ್ಟು ಹಾಲು ಹಾಕಿ.

ಜೊತೆಗೆ ಸ್ಕೋನ್, ಅಂದರೆ ಬನ್ನಿನಂಥ ಸಣ್ಣ ತಿಂಡಿ. ನ್ಯಾಷನಲ್ ಟ್ರಸ್ಟ್ ತನ್ನ ಸಾದಾ ಸ್ಕೋನ್‌ಗಳನ್ನು ಬೆಣ್ಣೆ ಬದಲು ಸಸ್ಯಜನ್ಯ ಕೊಬ್ಬಿನಲ್ಲಿ ಮಾಡುತ್ತದೆ ಅಂತ ಇಲ್ಲಿನ ಪತ್ರಿಕೆಗಳಲ್ಲಿ ದೊಡ್ಡ ಜಗಳವೇ ಆಗಿತ್ತು. ನಿಮ್ಮ ಮನೆಯವರಿಗೆ ಅದರಿಂದ ತೊಂದರೆಯೇನಿಲ್ಲ, ಮೊಟ್ಟೆ ಮಾತ್ರ ಲಿಸ್ಟ್ ನೋಡಿ ಖಾತ್ರಿ ಮಾಡಿಕೊಳ್ಳಿ. ಚಾಕು ಬೇಡ, ಬಿಸಿ ಇರುವಾಗಲೇ ಕೈಯಲ್ಲಿ ಮುರಿಯಿರಿ. ಮೇಲೆ ಹಚ್ಚುವ ಕ್ಲಾಟೆಡ್ ಕ್ರೀಮ್ ಅಂದರೆ ಸಣ್ಣ ಉರಿಯಲ್ಲಿ ಕಟ್ಟಿಸಿದ ಗಟ್ಟಿ ಕೆನೆ. ಡೆವನ್‌ನವರು ಕೆನೆ ಮೊದಲು, ಜಾಮ್ ಆಮೇಲೆ ಅಂತಾರೆ. ಕಾರ್ನ್‌ವಾಲಿನವರದ್ದು ಉಲ್ಟಾ. ನನಗೆ ಜಾಮ್ ಮೊದಲು, ಕೆನೆ ಮೇಲೆ ನಿಂತರೇ ರುಚಿ.

ವೇಲ್ಸ್ ಕಡೆ ಹೋಗುವುದಾದರೆ ಪೊವಿಸ್ ಕೋಟೆ. ಇದರ ಬಗ್ಗೆ ಸ್ವಲ್ಪ ಯೋಚಿಸಿ ಹೇಳುತ್ತಿದ್ದೇನೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಮದ್ರಾಸಿನ ಗವರ್ನರ್ ಆಗಿದ್ದವನು ರಾಬರ್ಟ್ ಕ್ಲೈವ್‌ನ ಮಗ ಎಡ್ವರ್ಡ್. ಟಿಪ್ಪುವಿನ ಹೂಬಳ್ಳಿ ಚಿತ್ತಾರದ ಹತ್ತಿಯ ಡೇರೆ, ಸಿಂಹಾಸನದ ಒಂದು ಹುಲಿ ತಲೆ ಅವನ ಮನೆತನದ ಮೂಲಕ ಈ ಕೋಟೆ ಸೇರಿದವು. ಆ ಡೇರೆಯನ್ನು ಆಮೇಲೆ ತೋಟದ ಪಾರ್ಟಿಗಳಿಗೆ ಶಾಮಿಯಾನ ಹಾಕುತ್ತಿದ್ದರಂತೆ. ಅದನ್ನು ತಿಳಿದು ಆ ಬಟ್ಟೆಯ ಮುಂದೆ ನಿಂತಾಗ ನನಗೆ ಹೊಟ್ಟೆಯಲ್ಲಿ ಸಂಕಟ ಆಯಿತು. ತೋಟದ ಮೆಟ್ಟಿಲುಗಳಲ್ಲಿ ಬಹಳ ಹೊತ್ತು ನಡೆದ ಮೇಲೇ ಟೀ ಕುಡಿಯಲು ಮನಸ್ಸು ಬಂತು. ಆದರೂ ನಮ್ಮವರು ಇದನ್ನು ನೋಡಬೇಕು ಅಂತಲೇ ನನ್ನ ಅಭಿಪ್ರಾಯ. ಡೇರೆ ಪ್ರದರ್ಶನದಲ್ಲಿದೆಯೇ ಅಂತ ಮೊದಲೇ ವಿಚಾರಿಸಿಕೊಳ್ಳಿ.

ಒಂದೇ ದಿನ ಬಿಡುವು ಅಂದರೆ ಇದನ್ನೆಲ್ಲ ಬಿಟ್ಟು ಬ್ರೆಟ್‌ಫರ್ಟನ್‌ಗೆ ಹೋಗಿ. ವುಸ್ಟರ್‌ಶೈರಿನ ಹಳ್ಳಿ, ಪ್ಯಾಡಿಂಗ್ಟನ್‌ನಿಂದ ಈವ್ಶಮ್‌ವರೆಗೆ ರೈಲು, ಅಲ್ಲಿಂದ ಟ್ಯಾಕ್ಸಿ. ಅಲ್ಲಿನ 'ಫ್ಲೀಸ್ ಇನ್' ಮೊದಲು ರೈತರ ಮನೆ, 15ನೇ ಶತಮಾನದ್ದು. 1848ರಲ್ಲಿ ಪಬ್ ಆಯಿತು, ಆದರೂ ಅದೇ ಮನೆತನದವರ ಕೈಯಲ್ಲೇ ಉಳಿಯಿತು. ಕೊನೆಯವಳು ಲೋಲಾ ಟ್ಯಾಪ್ಲಿನ್. ಮದುವೆಯಾಗಲಿಲ್ಲ, ಒಬ್ಬಳೇ ಪಬ್ ನಡೆಸಿದಳು, ಮಹಾ ಶಿಸ್ತು. 1977ರಲ್ಲಿ ತೀರಿಕೊಂಡಾಗ ಮನೆಯನ್ನು ಸಾಮಾನಿನ ಸಮೇತ ನ್ಯಾಷನಲ್ ಟ್ರಸ್ಟ್‌ಗೆ ಬರೆದಿಟ್ಟಿದ್ದಳು. ಇಲ್ಲಿ ಆಲೂಗಡ್ಡೆ ಚಿಪ್ಸ್ ಪ್ಯಾಕೆಟ್ ಮಾರಕೂಡದು ಅಂತ ಷರತ್ತೂ ಹಾಕಿದ್ದಳಂತೆ. 2004ರಲ್ಲಿ ಛಾವಣಿಗೆ ಬೆಂಕಿ ಬಿದ್ದಾಗ ತವರದ ತಟ್ಟೆಗಳನ್ನೂ ಪೀಠೋಪಕರಣಗಳನ್ನೂ ಜನ ಹೊರಗೆ ಸಾಗಿಸಿ ಉಳಿಸಿದರು. ಕಟ್ಟಡ ರಿಪೇರಿಯಾದ ಮೇಲೆ ಎಲ್ಲ ವಾಪಸ್ ಅದರದರ ಜಾಗಕ್ಕೆ ಬಂತು.

ಒಳಗೆ ಹೋದರೆ ಅಗ್ಗಿಷ್ಟಿಕೆ ಮುಂದಿನ ಕಲ್ಲುಹಾಸು ನೋಡಿ. ಅಲ್ಲಿ ಬಿಳಿ ಬಳಪದ ವೃತ್ತಗಳಿವೆ. ಚಿಮಣಿಯಿಂದ ಮಾಟಗಾತಿಯರು ಇಳಿದು ಬರಬಾರದು ಅಂತ ಹಿಂದಿನವರು ಬರೆಯುತ್ತಿದ್ದರು. ಅಳಿಸಿ ಹೋಗದ ಹಾಗೆ ಈಗಲೂ ಮತ್ತೆ ಮತ್ತೆ ಬರೆಯುತ್ತಾರೆ. ಹೊಸ್ತಿಲಿಗೆ ದಿನಾ ರಂಗೋಲಿ ಹಾಕುವ ಅಮ್ಮನಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ, ಅಲ್ವಾ?

ಈವ್ಶಮ್ ಸುತ್ತಮುತ್ತ ಆಸ್ಪರಾಗಸ್ ಎಂಬ ಎಳೆ ಕಾಂಡದ ತರಕಾರಿ ಬೆಳೆಯುವ ಸೀಮೆ. ಏಪ್ರಿಲ್ 23ರಿಂದ ಜೂನ್ 21ರವರೆಗೆ ಅದರ ಸುಗ್ಗಿ ಅನ್ನುವುದು ಅಲ್ಲಿನ ಲೆಕ್ಕ. ಬೇಯಿಸಿ ಬೆಣ್ಣೆ ಹಾಕಿ ಕೊಡುತ್ತಾರೆ, ಮೊಟ್ಟೆಯ ಸಾಸ್ ಬೇಡ ಅಂದರೆ ಆಯಿತು. ನಿಮ್ಮವರು ಜೂನ್ ಮೊದಲ ವಾರ ಬಂದರೆ ಜೆಟ್‌ಲ್ಯಾಗ್ ಕಳೆದ ಕೂಡಲೇ ಹೊರಡಿ. ಮುಂಚಿನ ದಿನ ಫೋನ್ ಮಾಡಿ ಆಸ್ಪರಾಗಸ್ ಇನ್ನೂ ಇದೆಯಾ, ಮಧ್ಯಾಹ್ನದ ಅಡುಗೆ ಎಷ್ಟು ಹೊತ್ತಿನವರೆಗೆ ಅಂತ ಎರಡೂ ಕೇಳಿಕೊಳ್ಳಿ.